ಧೂಳು ಎಲ್ಲಿ ನಿಲ್ಲುತ್ತದೆ? ಅಗ್ಗದ ಮತ್ತು ದುಬಾರಿ ವ್ಯಾಕ್ಯೂಮ್ ಕ್ಲೀನರ್‌ಗಳ ಒಳಗಿನ ಲೆಕ್ಕ

ಅಮೆರಿಕದ ದೊಡ್ಡ ಅಂಗಡಿಗಳಲ್ಲಿ, ನಿಂತು ತಳ್ಳುವ, ಧೂಳಿನ ಬ್ಯಾಗ್ ಇಲ್ಲದ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್‌ಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಈ ತುದಿಯದಕ್ಕೆ 80 ಡಾಲರ್, ಆ ತುದಿಯದಕ್ಕೆ 500. ಎರಡರ ಡಬ್ಬದ ಮೇಲೂ ‘ಸೈಕ್ಲೋನ್’ ಎಂಬ ಮಾತಿರುತ್ತದೆ, ಎರಡೂ ಹೆಚ್ಚುಕಡಿಮೆ 10ರಿಂದ 12 ಆಂಪಿಯರ್ ಕರೆಂಟು ಎಳೆಯುತ್ತವೆ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಅಪಾರ್ಟ್‌ಮೆಂಟಿಗೆ ಹೊಸದಾಗಿ ಸೇರಿದವರು ದುಬಾರಿಯದು ಜೋರಾಗಿ ಹೀರುತ್ತದೆ ಎಂದುಕೊಂಡು ದುಡ್ಡು ಕೊಡುತ್ತಾರೆ. ಅಂಗಡಿಯವರೂ ಹಾಗೇ ಹೇಳುತ್ತಾರೆ. ಆದರೆ ಡಬ್ಬದಿಂದ ಹೊರತೆಗೆದ ದಿನ ಅಗ್ಗದ್ದು ಹಿಂದೆ ಬೀಳಬೇಕೆಂದೇನಿಲ್ಲ. ಒಳಗೆ ಹೋದ ಧೂಳು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಅವೆರಡಕ್ಕೂ ವ್ಯತ್ಯಾಸವಿದೆ, ಅದು ಕಣ್ಣಿಗೆ ಬೀಳುವುದು ತಿಂಗಳೊಪ್ಪತ್ತು ಕಳೆದ ಮೇಲೆ.

ಮೊದಲು ಡಬ್ಬದ ಮೇಲಿನ ಅಂಕಿಗಳನ್ನು ಪಕ್ಕಕ್ಕಿಡೋಣ. ಆಂಪಿಯರ್ ಎಂದರೆ ಯಂತ್ರ ತಿನ್ನುವ ಕರೆಂಟು; ಅದು ಮಾಡುವ ಕೆಲಸ ಅಲ್ಲ. ಅಮೆರಿಕದ ಮನೆಯ ಸಾಮಾನ್ಯ ಸರ್ಕಿಟ್ಟು 120 ವೋಲ್ಟ್, 15 ಆಂಪಿಯರಿನದು. ಅದರಲ್ಲಿ ಸತತವಾಗಿ 12ಕ್ಕಿಂತ ಹೆಚ್ಚು ಎಳೆಯಬಾರದು. ಹಾಗಾಗಿ ಎಲ್ಲ ಕಂಪನಿಗಳೂ ಆ ಗೆರೆಗೆ ಬಂದು ನಿಲ್ಲುತ್ತವೆ. ಇನ್ನು ಕಿಲೋಪಾಸ್ಕಲ್ (ಒತ್ತಡದ ಅಳತೆ) ಲೆಕ್ಕದ ಹೀರುವ ಶಕ್ತಿ. ಅದನ್ನು ಅಳೆಯುವುದು ಬಾಯಿಯನ್ನು ಪೂರ್ತಿ ಮುಚ್ಚಿ, ಅಂದರೆ ಗಾಳಿಯೇ ಹರಿಯದಿರುವಾಗ. ಗಾಳಿ ಹರಿಯದಿದ್ದರೆ ಧೂಳೂ ಕದಲುವುದಿಲ್ಲ. ಒಂದು ಯಂತ್ರಕ್ಕೆ ಬಾಯಿ ಮುಚ್ಚಿದಾಗ 20 ಕಿಲೋಪಾಸ್ಕಲ್, ಬಾಯಿ ಪೂರ್ತಿ ತೆರೆದಾಗ ಸೆಕೆಂಡಿಗೆ 30 ಲೀಟರ್ ಗಾಳಿ ಎಂದಿಟ್ಟುಕೊಳ್ಳಿ. ಕೆಲಸಕ್ಕೆ ಬರುವುದು ಒಂದೇ ಹೊತ್ತಿನಲ್ಲಿರುವ ಒತ್ತಡ, ಗಾಳಿಯ ಹರಿವು, ಇವೆರಡರ ಗುಣಲಬ್ಧ. ಅದು ಗರಿಷ್ಠವಾಗುವುದು ಸುಮಾರು ನಡುಮಧ್ಯದಲ್ಲಿ: 10 ಕಿಲೋಪಾಸ್ಕಲ್, 15 ಲೀಟರ್, ಗುಣಿಸಿದರೆ 150 ವ್ಯಾಟ್. 1,400 ವ್ಯಾಟ್ ತಿಂದ ಯಂತ್ರ ಗಾಳಿಗೆ ಕೊಡುವುದು ಇಷ್ಟೇ. ಉಳಿದದ್ದು ಬ್ರಷ್ಷಿಗೆ, ಶಾಖಕ್ಕೆ, ಗಲಾಟೆಗೆ.

ಒಳಗೆ ‘ನಿರ್ವಾತ’ ಇರುತ್ತದೆ ಎಂಬ ಕಲ್ಪನೆಯನ್ನೂ ಕೈಬಿಡಬಹುದು. ಹೊರಗಿನ ಗಾಳಿಯ ಒತ್ತಡಕ್ಕಿಂತ 20 ಕಿಲೋಪಾಸ್ಕಲ್ ಕಡಿಮೆಯಾದರೂ ಒಳಗೆ 81 ಕಿಲೋಪಾಸ್ಕಲ್ ಉಳಿದಿರುತ್ತದೆ, ಅದು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿರುವ ಗಾಳಿಯ ಒತ್ತಡ. ಯಂತ್ರ ಧೂಳನ್ನು ಎಳೆಯುವುದೂ ಇಲ್ಲ. ಹೊರಗಿನ ಗಾಳಿ ಒಳಗೆ ನುಗ್ಗುವಾಗ ಧೂಳನ್ನು ಹೊತ್ತೊಯ್ಯುತ್ತದೆ.

ಹೊತ್ತು ತಂದ ಗಾಳಿಯಿಂದ ಧೂಳನ್ನು ಬಿಡಿಸುವುದೇ ನಿಜವಾದ ಕಷ್ಟ, ಗಾಳಿಯನ್ನು ಗಿರಗಿರನೆ ಸುತ್ತಿಸಿ ಆ ಕೆಲಸ ಮಾಡುವ ಸೈಕ್ಲೋನ್ ಸೊಗಸಾಗಿ ಕಾಣುವುದೂ ಅಲ್ಲೇ. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಅದರ ಅರ್ಧ ತತ್ವ ಆಗಲೇ ಗೊತ್ತು. ಮೊರ ಎತ್ತಿ ಗಾಳಿಗೆ ಸುರಿದರೆ ಹೊಟ್ಟು ಗಾಳಿಯ ಜೊತೆ ಹೋಗುತ್ತದೆ, ಕಾಳು ತನ್ನ ದಾರಿ ಹಿಡಿದು ಕೆಳಗೆ ಬೀಳುತ್ತದೆ. ಅಲ್ಲಿ ಕಾಳನ್ನು ಬೇರ್ಪಡಿಸುವುದು ಭೂಮಿಯ ಗುರುತ್ವ. ಹತ್ತು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಧೂಳಿನ ಕಣಕ್ಕೆ ಆ ಗುರುತ್ವ ಏನೂ ಸಾಲದು, ಅದು ನಿಮಿಷಗಟ್ಟಲೆ ಗಾಳಿಯಲ್ಲೇ ತೇಲಾಡುತ್ತದೆ. ಗುರುತ್ವವನ್ನು ಸಾವಿರ ಪಟ್ಟು ಹೆಚ್ಚಿಸಿದರೆ? ಗಾಳಿಯನ್ನು ಸುತ್ತಿಸಿದರೆ ಆಗುವುದು ಅದೇ. ಗಾಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 72 ಕಿಲೋಮೀಟರಿನಲ್ಲಿ, 10 ಸೆಂಟಿಮೀಟರ್ ತ್ರಿಜ್ಯದ ಡಬ್ಬಿಯಲ್ಲಿ ಸುತ್ತಲಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ: 400 ಭಾಗಿಸು 0.1, ಅಂದರೆ 4,000. ಗುರುತ್ವದ ಸುಮಾರು 400 ಪಟ್ಟು. ಅದೇ ವೇಗದಲ್ಲಿ 1 ಸೆಂಟಿಮೀಟರ್ ತ್ರಿಜ್ಯದ ಕೊಳವೆಯೊಳಗೆ ಸುತ್ತಿಸಿದರೆ 4,000 ಪಟ್ಟು. ತಿರುಗುವ ಭಾಗ ಒಂದೂ ಇಲ್ಲ, ಬಲೆಯಿಲ್ಲ, ಬಟ್ಟೆಯಿಲ್ಲ. ಪ್ಲಾಸ್ಟಿಕ್ಕಿನ ಶಂಕು ಮಾತ್ರ. ಕಣ ಗೋಡೆಗೆ ಒತ್ತಿಕೊಂಡು, ಗೋಡೆಗುಂಟ ಕೆಳಗೆ ಜಾರಿ ಡಬ್ಬಿಗೆ ಬೀಳುತ್ತದೆ. ಶುದ್ಧವಾದ ಗಾಳಿ ಶಂಕುವಿನ ನಡುವಿನಿಂದ ಮೇಲೇರಿ ಹೊರಬೀಳುತ್ತದೆ.

ಹಾಗಿದ್ದರೆ ಕಿರಿದಾದ ಶಂಕು ಒಂದೇ ಸಾಕಲ್ಲ ಎನ್ನಬಹುದು. ಸಾಲದು. ಸೆಕೆಂಡಿಗೆ 20 ಲೀಟರ್ ಗಾಳಿ 20 ಮೀಟರ್ ವೇಗದಲ್ಲಿ ಹೋಗಬೇಕಾದರೆ 10 ಚದರ ಸೆಂಟಿಮೀಟರಿನ ಬಾಗಿಲು ಬೇಕು. ಸಣ್ಣ ಶಂಕುವಿನ ಬಾಗಿಲು 1 ಚದರ ಸೆಂಟಿಮೀಟರಿನದಾದರೆ ಅಂಥ ಹತ್ತು ಶಂಕುಗಳನ್ನು ಜೊತೆಜೊತೆಗೆ ಜೋಡಿಸಬೇಕು. ದುಬಾರಿ ಯಂತ್ರದ ತಲೆಯ ಮೇಲೆ ಕಿರೀಟದ ಹಾಗೆ ಕಾಣುವ ಸಣ್ಣ ಶಂಕುಗಳ ಸಾಲು ಅಲಂಕಾರಕ್ಕೆ ಇಟ್ಟದ್ದಲ್ಲ. ಹೊರಗಿನ ದೊಡ್ಡ ಡಬ್ಬಿ ಕೂದಲು, ಮರಳು, ಅನ್ನದ ಅಗುಳನ್ನು ಇಳಿಸಿಕೊಳ್ಳುತ್ತದೆ. ತೂತುಬಿದ್ದ ಜರಡಿ ಹತ್ತಿಯಂಥ ನಾರನ್ನು ತಡೆಯುತ್ತದೆ. ಕೊನೆಗೆ ಶಂಕುಗಳು ನುಣ್ಣನೆಯದನ್ನು ಹಿಡಿಯುತ್ತವೆ. ವೇಗ ಅಷ್ಟೇ ಇದ್ದು ಶಂಕುವಿನ ಅಳತೆಯೆಲ್ಲ ಕಾಲು ಭಾಗಕ್ಕೆ ಇಳಿದರೆ, ಹಿಡಿಯಬಲ್ಲ ಕಣದ ಗಾತ್ರ ಅರ್ಧಕ್ಕೆ ಇಳಿಯುತ್ತದೆ.

ಅಗ್ಗದ ಯಂತ್ರದಲ್ಲಿ ದೊಡ್ಡ ಡಬ್ಬಿ, ನಡುವೆ ಒಂದು ಜರಡಿ, ಹೆಚ್ಚೆಂದರೆ ಅದರೊಳಗೆ ಒಂದು ಶಂಕು. ಆಮೇಲೆ ನೇರವಾಗಿ ಸ್ಪಂಜಿನ ಫಿಲ್ಟರ್. ದಪ್ಪ ಕಸ ಡಬ್ಬಿಯಲ್ಲಿ ನಿಂತರೂ ನುಣ್ಣನೆಯ ಧೂಳು ಹೋಗಿ ಕೂರುವುದು ಫಿಲ್ಟರಿನಲ್ಲಿ. ಸೈಕ್ಲೋನ್ ಎಂಬ ಹೆಸರಿಟ್ಟುಕೊಂಡ, ಬ್ಯಾಗಿನ ಬದಲು ಸ್ಪಂಜು ಹಾಕಿದ ಯಂತ್ರ ಅದು. ಶಂಕುಗಳೂ ಪುಕ್ಕಟೆ ದುಡಿಯುವುದಿಲ್ಲ, ಗಾಳಿಯನ್ನು ಸುತ್ತಿಸಲು ಒತ್ತಡದ ಒಂದು ಪಾಲನ್ನು ತಾವೇ ತಿನ್ನುತ್ತವೆ. ಆ ಖರ್ಚಿಲ್ಲದ ಅಗ್ಗದ್ದು ಹೊಸದರಲ್ಲಿ ಚೆನ್ನಾಗಿಯೇ ಹೀರುತ್ತದೆ. ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದಂತೆ ಇಳಿಯುತ್ತಾ ಹೋಗುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು: ನಾಲ್ಕೈದು ಸಲ ಬಳಸಿ ಮೋಟಾರಿನ ಮುಂದಿನ ಫಿಲ್ಟರನ್ನು ತೆಗೆದು ನೋಡಿ. ಅದು ಇನ್ನೂ ಹೆಚ್ಚುಕಡಿಮೆ ಬೆಳ್ಳಗಿದ್ದರೆ ಸೈಕ್ಲೋನ್ ಕೆಲಸ ಮಾಡುತ್ತಿದೆ; ಕಪ್ಪಾಗಿದ್ದರೆ ಕೆಲಸವೆಲ್ಲ ಫಿಲ್ಟರಿನದೇ.

ವ್ಯಾಕ್ಯೂಮ್ ಕ್ಲೀನರ್ ಯಾರೋ ಒಬ್ಬರ ತಲೆಯಿಂದ ದಿಢೀರನೆ ಹುಟ್ಟಿದ್ದಲ್ಲ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ನೋಡಿ, ಊದುವ ಬದಲು ಹೀರಿದರೆ ಹೇಗೆ ಎಂದು ಯೋಚಿಸಿದ. ಅವನ ಯಂತ್ರ ಕುದುರೆಗಾಡಿಯಷ್ಟು ದೊಡ್ಡದು, ರಸ್ತೆಯಲ್ಲೇ ನಿಲ್ಲುತ್ತಿತ್ತು, ಕಿಟಕಿಯಿಂದ ಪೈಪು ಒಳಗೆ ಹೋಗುತ್ತಿತ್ತು. 1902ರಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ ಗುಡಿಸಿದ್ದು ಅದೇ. ಕೈಯಲ್ಲಿ ತಳ್ಳುವ ಅಪ್‌ರೈಟ್ ರೂಪ ಕೊಟ್ಟವನು ಒಹಾಯೊದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ, ಉಬ್ಬಸದ ರೋಗಿ. ಫ್ಯಾನಿನ ಮೋಟಾರು, ತಿರುಗುವ ಬ್ರಷ್ಷು, ದಿಂಬಿನ ಚೀಲ ಸೇರಿಸಿ ಮಾಡಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಸಿಕ್ಕಿತು, ಹಕ್ಕನ್ನು ಹೂವರ್ ಮನೆತನ ಕೊಂಡುಕೊಂಡಿತು. ಸೈಕ್ಲೋನ್ ಅದಕ್ಕೂ ಹಳೆಯದು, 1880ರ ದಶಕದಲ್ಲೇ ಅಮೆರಿಕದ ಗಿರಣಿಗಳಲ್ಲಿ ಹಿಟ್ಟಿನ ಧೂಳು ಹಿಡಿಯುತ್ತಿತ್ತು. ಬ್ರಿಟನ್ನಿನ ಜೇಮ್ಸ್ ಡೈಸನ್ ಅದನ್ನು ಮನೆಯ ಯಂತ್ರದೊಳಕ್ಕೆ ಕುಗ್ಗಿಸಲು 5,127 ಮಾದರಿಗಳನ್ನು ಮಾಡಬೇಕಾಯಿತು. ಸ್ವಂತ ಹೆಸರಿನ ಮೊದಲ ಯಂತ್ರ ಡಿಸಿ01 ಮಾರುಕಟ್ಟೆಗೆ ಬಂದದ್ದು 1993ರಲ್ಲಿ.

ಇದೇ ಡೈಸನ್ ಕಂಪನಿ ಯೂರೋಪಿಯನ್ ಒಕ್ಕೂಟದ ಎನರ್ಜಿ ಲೇಬಲ್ಲಿನ ಮೇಲೆ ಮೊಕದ್ದಮೆ ಹೂಡಿತು. ಲೇಬಲ್ಲಿಗಾಗಿ ಯಂತ್ರವನ್ನು ಪರೀಕ್ಷಿಸುತ್ತಿದ್ದದ್ದು ಖಾಲಿ ಬ್ಯಾಗು, ಖಾಲಿ ಡಬ್ಬಿಯಲ್ಲಿ. ಮನೆಯಲ್ಲಿ ಯಾರೂ ಹಾಗೆ ಬಳಸುವುದಿಲ್ಲ ಎಂಬ ವಾದವನ್ನು 2018ರ ನವೆಂಬರಿನಲ್ಲಿ ನ್ಯಾಯಾಲಯ ಒಪ್ಪಿತು, ಲೇಬಲ್ ರದ್ದಾಯಿತು. ಕಂಪನಿಗೆ ಅದರಲ್ಲಿ ಲಾಭವಿತ್ತು, ನಿಜ. ಆದರೂ ಭೌತವಿಜ್ಞಾನ ಅವರ ಪರವಾಗಿಯೇ ಇತ್ತು.

ಫಿಲ್ಟರಿಗೆ ಬರೋಣ. ಸೈಕ್ಲೋನಿಗೆ ಒಂದು ಮಿತಿಯಿದೆ. ಕಣವನ್ನು ಗೋಡೆಗೆ ತಳ್ಳುವ ಬಲ ವ್ಯಾಸದ ಘನದಂತೆ ಇಳಿದರೆ, ಗಾಳಿಯ ತಡೆ ವ್ಯಾಸದಂತೆ ಮಾತ್ರ ಇಳಿಯುತ್ತದೆ. ಹತ್ತು ಮೈಕ್ರಾನಿನ ಕಣಕ್ಕಿಂತ ಒಂದು ಮೈಕ್ರಾನಿನದು ಗೋಡೆಯತ್ತ ನೂರು ಪಟ್ಟು ನಿಧಾನವಾಗಿ ಸರಿಯುತ್ತದೆ. ಹೂವಿನ ಪರಾಗ, ಧೂಳು ನುಸಿಯ ಹಿಕ್ಕೆ ಹತ್ತು ಮೈಕ್ರಾನಿಗಿಂತ ದೊಡ್ಡವು, ಸಿಕ್ಕಿಬೀಳುತ್ತವೆ. ಬೆಕ್ಕಿನ ಅಲರ್ಜಿಯ ವಸ್ತುವಿನ ಒಂದು ಪಾಲು ಐದು ಮೈಕ್ರಾನಿಗೂ ಚಿಕ್ಕ ಕಣಗಳ ಮೇಲೆ ಕುಳಿತಿರುತ್ತದೆ. ಅದಕ್ಕೆ ಹೆಪಾ (HEPA) ಎಂಬ, ಅತಿ ನುಣ್ಣನೆಯ ಕಣ ಹಿಡಿಯುವ ನಾರಿನ ಫಿಲ್ಟರೇ ಬೇಕು. ಹೆಪಾ ಜರಡಿಯಲ್ಲ. ಅಮೆರಿಕದ ಅಳತೆಗೋಲಿನಲ್ಲಿ ಅದು 0.3 ಮೈಕ್ರಾನಿನ ಕಣಗಳಲ್ಲಿ ಶೇಕಡ 99.97ರಷ್ಟನ್ನು ಹಿಡಿಯಬೇಕು. ಅದಕ್ಕಿಂತ ಚಿಕ್ಕವು ನುಸುಳಿಹೋಗುತ್ತವೆ ಎಂದು ಹೆದರಬೇಕಿಲ್ಲ. ಅವು ಗಾಳಿಯ ಅಣುಗಳ ಹೊಡೆತಕ್ಕೆ ಅಡ್ಡಾದಿಡ್ಡಿ ಓಡಾಡಿ ನಾರಿಗೆ ತಾವಾಗಿಯೇ ಅಂಟಿಕೊಳ್ಳುತ್ತವೆ. ಹಿಡಿಯಲು ಕಷ್ಟವಾಗುವುದು ಈ ನಡುವಿನ ಗಾತ್ರದವೇ.

ಅಗ್ಗದ ಡಬ್ಬದ ಮೇಲೆ ‘ಹೆಪಾ ಟೈಪ್’ ಎಂದಿದ್ದರೆ ಅದಕ್ಕೆ ಆ ಅಳತೆ ಅನ್ವಯಿಸುವುದಿಲ್ಲ. ನಿಜವಾದ ಹೆಪಾ ಇದ್ದರೂ ಡಬ್ಬಿಯ ಮುಚ್ಚಳ, ಫಿಲ್ಟರಿನ ಅಂಚುಗಳ ರಬ್ಬರ್ ವಾಷರ್ ಸರಿಯಿಲ್ಲದಿದ್ದರೆ ಗಾಳಿ ಸಂದಿಯಿಂದ ಹೋಗುತ್ತದೆ. ದುಬಾರಿಯದರಲ್ಲಿ ಕೊಟ್ಟ ದುಡ್ಡಿನ ಒಂದು ಪಾಲು ಈ ವಾಷರುಗಳಿಗೇ ಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಯಂತ್ರ ಓಡಿಸಿ, ಗಾಳಿ ಹೊರಬರುವ ಜಾಗಕ್ಕೆ ಅಡ್ಡಲಾಗಿ ಟಾರ್ಚ್ ಬಿಟ್ಟರೆ ದಪ್ಪ ಸೋರಿಕೆ ಕಾಣುತ್ತದೆ. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಮನೆಯಲ್ಲಿ ಅಸ್ತಮಾ ಇದ್ದವರು ಬ್ಯಾಗ್ ಇಲ್ಲದ ಯಂತ್ರವನ್ನೇ ಕೊಳ್ಳದಿರುವುದು ಮೇಲು, ಅದು ಎಷ್ಟೇ ದುಬಾರಿಯಾಗಿರಲಿ. ಹಿಡಿದ ಧೂಳನ್ನೆಲ್ಲ ಡಬ್ಬಿ ಖಾಲಿ ಮಾಡುವಾಗ ಮುಖಕ್ಕೇ ಎರಚಿಕೊಂಡ ಹಾಗಾಗುತ್ತದೆ.

ಕಾರ್ಪೆಟ್ ಚೊಕ್ಕಟವಾಗುವುದು ಗಾಳಿಗಿಂತ ಹೆಚ್ಚಾಗಿ ತಿರುಗುವ ಬ್ರಷ್ಷಿನಿಂದ. ನಾರಿನ ಬುಡದಲ್ಲಿ ಕೂತ ಮರಳನ್ನು ಬಡಿದೆಬ್ಬಿಸದೆ ಯಾವ ಗಾಳಿಯೂ ಎತ್ತಲಾರದು. ಅಗ್ಗದ ಯಂತ್ರ ಒಂದೇ ಮೋಟಾರಿನಿಂದ ಚಪ್ಪಟೆ ರಬ್ಬರ್ ಬೆಲ್ಟಿನ ಮೂಲಕ ಬ್ರಷ್ಷನ್ನು ತಿರುಗಿಸುತ್ತದೆ. ಉದ್ದ ಕೂದಲು ಸುತ್ತಿಕೊಂಡು ಬ್ರಷ್ ಬಿಗಿಯಾದರೆ ಬೆಲ್ಟು ಜಾರುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಕೊನೆಗೆ ತುಂಡಾಗುತ್ತದೆ. ತುಂಡಾಗದಿದ್ದರೂ ಆರು ತಿಂಗಳು, ವರ್ಷದೊಳಗೆ ಸಡಿಲವಾಗುತ್ತದೆ. ಆಗ ಸದ್ದು ಹಾಗೇ ಇರುತ್ತದೆ, ಬ್ರಷ್ ಮಾತ್ರ ಕಾರ್ಪೆಟ್ಟಿಗೆ ತಾಗಿದೊಡನೆ ನಿಲ್ಲುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹೊಸ ಬೆಲ್ಟಿಗೆ ಕೆಲವೇ ಡಾಲರ್. ಪ್ಲಗ್ ಕಿತ್ತು, ಅಡಿಯ ತಟ್ಟೆಯ ಸ್ಕ್ರೂ ಬಿಚ್ಚಿ, ಮೋಟಾರಿನ ಗೂಟಕ್ಕೆ ಮೊದಲು ಬೆಲ್ಟ್ ಸಿಕ್ಕಿಸಿ, ಆಮೇಲೆ ಬ್ರಷ್ಷಿನ ಮೇಲಿನ ತೋಡಿಗೆ ಎಳೆದು ಕೂರಿಸಿದರೆ ಆಯಿತು. ದುಬಾರಿಯವಕ್ಕೆ ಹಲ್ಲಿನ ಬೆಲ್ಟು ಅಥವಾ ಬ್ರಷ್ಷಿಗೇ ಬೇರೆ ಮೋಟಾರು ಇರುತ್ತದೆ. ಸಿಕ್ಕಿಹಾಕಿಕೊಂಡರೆ ತಾನಾಗಿ ನಿಲ್ಲುತ್ತದೆ, ಬೆಲ್ಟು ಉಳಿಯುತ್ತದೆ.

ಕೆಟ್ಟಿತು ಎಂದು ಎಸೆದ ಬಹಳಷ್ಟು ಯಂತ್ರಗಳು ಕೆಟ್ಟಿರುವುದಿಲ್ಲ, ಕಟ್ಟಿಕೊಂಡಿರುತ್ತವೆ. ಸದ್ದು ಇದ್ದಕ್ಕಿದ್ದಂತೆ ಕೀರಲಾದರೆ ಮೋಟಾರಿಗೆ ಹೊರೆ ಹೆಚ್ಚಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ವಿಷಯ ತಿರುವುಮುರುವು: ತಳ್ಳಲು ಗಾಳಿಯೇ ಇಲ್ಲದೆ ಹೊರೆ ಇಳಿದು, ಮೋಟಾರು ಜೋರಾಗಿ ಸುತ್ತುತ್ತಿದೆ, ಕರೆಂಟೂ ಕಡಿಮೆ ಎಳೆಯುತ್ತಿದೆ. ಆದರೆ ಅದನ್ನು ತಂಪಾಗಿಡುತ್ತಿದ್ದದ್ದು ಅದೇ ಗಾಳಿ. ಸ್ವಲ್ಪ ಹೊತ್ತಿಗೆ ಕಾದು, ಒಳಗಿನ ಶಾಖದ ಸ್ವಿಚ್ಚು ಬಿದ್ದು ಯಂತ್ರ ನಿಲ್ಲುತ್ತದೆ. ಪ್ಲಗ್ ಕಿತ್ತು ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಅಷ್ಟರಲ್ಲಿ ಬ್ರಷ್ಷಿನ ಹಿಂದಿನ ಕುತ್ತಿಗೆಯ ಪೈಪು, ಹೋಸು, ಡಬ್ಬಿಗೆ ಸೇರುವ ಮೂಲೆ, ಕೊನೆಗೆ ಫಿಲ್ಟರ್, ಇದೇ ಕ್ರಮದಲ್ಲಿ ನೋಡಿ. ಕಾಲ್ಚೀಲವೋ ಕೂದಲ ಉಂಡೆಯೋ ಹೆಚ್ಚಾಗಿ ಕುತ್ತಿಗೆಯಲ್ಲೇ ಸಿಗುತ್ತದೆ. ಸ್ಪಂಜನ್ನು ಸೋಪಿಲ್ಲದ ತಣ್ಣೀರಿನಲ್ಲಿ ಹಿಂಡಿ ತೊಳೆದು, ಪೂರ್ತಿ 24 ಗಂಟೆ ಒಣಗಿಸಬೇಕು. ಒದ್ದೆಯಾಗಿಯೇ ಹಾಕಿದರೆ ಧೂಳು ಕೆಸರಾಗಿ ರಂಧ್ರಗಳು ಮುಚ್ಚುತ್ತವೆ, ಬೂಷ್ಟಿನ ನಾತ ವರ್ಷಗಟ್ಟಲೆ ಹೋಗುವುದಿಲ್ಲ. ಅಗ್ಗದ ಯಂತ್ರ ಇದ್ದವರು ಇನ್ನೊಂದು ಸ್ಪಂಜನ್ನು ಕೊಂಡು ಸರದಿಯಂತೆ ಹಾಕಿದರೆ ಬೆಲೆಯ ಅಂತರದ ದೊಡ್ಡ ಪಾಲು ಅಲ್ಲೇ ತುಂಬಿಹೋಗುತ್ತದೆ.

ನಮ್ಮವರ ಮನೆಗಳಿಗೇ ವಿಶೇಷವಾದ ಶತ್ರುಗಳೂ ಉಂಟು: ರಂಗೋಲಿ ಪುಡಿ, ವಿಭೂತಿ, ಚೆಲ್ಲಿದ ಅಕ್ಕಿಹಿಟ್ಟು. ಇವು ನುಣ್ಣಗಿರುವುದರಿಂದ ಅಗ್ಗದ ಯಂತ್ರದ ಫಿಲ್ಟರು ಒಂದೇ ಸಲಕ್ಕೆ ಕಟ್ಟಿಕೊಳ್ಳಬಹುದು, ಶಂಕುಗಳಿದ್ದರೂ ಒಂದಿಷ್ಟು ದಾಟಿಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವುದೇ ಸರಿ.

ಊರಿಗೆ ವಾಪಸಾಗುವವರು ಸಾಮಾನಿನ ಜೊತೆ ದುಬಾರಿ ಅಪ್‌ರೈಟನ್ನೂ ಹಡಗಿಗೆ ಹಾಕಬೇಕೆಂದಿದ್ದರೆ ಒಮ್ಮೆ ಯೋಚಿಸಿ. 120 ವೋಲ್ಟಿನ ಯಂತ್ರವನ್ನು ಬೆಂಗಳೂರಿನ 230 ವೋಲ್ಟಿಗೆ ಚುಚ್ಚಿದರೆ ಮೋಟಾರು ಸುಟ್ಟುಹೋಗುತ್ತದೆ. ಪಿನ್ನು ಬದಲಿಸುವ ಅಡಾಪ್ಟರು ವೋಲ್ಟೇಜು ಇಳಿಸುವುದಿಲ್ಲ. 12 ಆಂಪಿಯರ್ ಎಂದರೆ 1,440 ವ್ಯಾಟ್, ಅದಕ್ಕೆ ಕನಿಷ್ಠ 2,000 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನು ಕೋಣೆಯಿಂದ ಕೋಣೆಗೆ ಹೊತ್ತು ತಿರುಗಬೇಕು. ಅಷ್ಟಾದರೂ ಟೈಲ್ಸ್, ಗ್ರಾನೈಟ್ ನೆಲದ ಮೇಲೆ ತಿರುಗುವ ಬ್ರಷ್ಷು ಕಾಳುಕಡಿಯನ್ನು ಹೀರುವ ಮೊದಲೇ ಸೋಫಾದ ಅಡಿಗೆ ಸಿಡಿಸುತ್ತದೆ. ನಮ್ಮೂರಿನ ನೆಲಕ್ಕೆ ಬ್ರಷ್ ಸುತ್ತದ, ಉದ್ದ ಪೈಪಿನ ಕ್ಯಾನಿಸ್ಟರ್ ಯಂತ್ರವೇ ಸಾಕು, ಅದು ಊರಿನ ಅಂಗಡಿಯಲ್ಲೇ ಸಿಗುತ್ತದೆ.