ನೌಕಾಪಡೆ ಇದ್ದರೂ ಭೂಸೇನೆಗೆ ದೋಣಿ ಯಾಕೆ ಬೇಕಾಯಿತು?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಭೂಸೇನೆ ತನ್ನದೇ ದೋಣಿಗಳನ್ನು ಇಟ್ಟುಕೊಂಡಿತ್ತಂತೆ, ಹೌದಾ? ಅಷ್ಟು ದೊಡ್ಡ ನೌಕಾಪಡೆ ಇರುವಾಗ ಸೇನೆಗೆ ಈ ಉಸಾಬರಿ ಯಾಕೆ?

ಹೌದು, ಇತ್ತು. ಹೆಸರು ಸ್ಮಾಲ್ ಶಿಪ್ಸ್ ಸೆಕ್ಷನ್. 1942ರಲ್ಲಿ ಸಿಡ್ನಿಯಲ್ಲಿ ಶುರುವಾಯಿತು. ಯಾಕೆ ಅಂದರೆ, ನೌಕಾಪಡೆ ತನ್ನ ಹಡಗು ಕಳಿಸಲು ಒಪ್ಪದ ನೀರಿನ ದಡದಲ್ಲಿ ಸೈನಿಕರು ಕಾದಾಡಬೇಕಿತ್ತು. ಅವರಿಗೆ ಊಟ, ಮದ್ದುಗುಂಡು ಯಾರಾದರೂ ಮುಟ್ಟಿಸಲೇಬೇಕಲ್ವಾ?

ಆ ನೀರು ಯಾವುದು ಅಂತ ಮೊದಲು ನೋಡೋಣ. ನ್ಯೂಗಿನಿ ದ್ವೀಪದ ಈಶಾನ್ಯ ದಡದಲ್ಲಿ ಬೂನಾ ಅನ್ನೋ ಜಾಗ ಜಪಾನಿಯರ ಕೈಯಲ್ಲಿತ್ತು. ದ್ವೀಪದ ದಕ್ಷಿಣ ದಡದಲ್ಲಿ ಅಮೆರಿಕ, ಆಸ್ಟ್ರೇಲಿಯಾ ಸೇನೆಗಳ ನೆಲೆಯಾಗಿದ್ದ ಪೋರ್ಟ್ ಮೊರೆಸ್ಬಿಯಿಂದ ಅಲ್ಲಿಗೆ ಹೋಗಲು ಓವೆನ್ ಸ್ಟ್ಯಾನ್ಲಿ ಬೆಟ್ಟಸಾಲು ಅಡ್ಡ. ಲಾರಿ ಹೋಗುವ ರಸ್ತೆಯೇ ಇಲ್ಲ. ಸುತ್ತು ಹಾಕಿ ಸಮುದ್ರದಲ್ಲಿ ಹೋಗೋಣ ಅಂದರೆ, ದ್ವೀಪದ ಪೂರ್ವ ತುದಿಯ ಮಿಲ್ನ್ ಬೇಯಿಂದ ಮೇಲಕ್ಕೆ ಉದ್ದಕ್ಕೂ ಹವಳದ ಬಂಡೆ. ನಕ್ಷೆಯಲ್ಲಿ ಎಷ್ಟೋ ಬಂಡೆಗಳ ಗುರುತೇ ಇರಲಿಲ್ಲ. ಮೇಲಿಂದ ಜಪಾನಿ ವಿಮಾನಗಳ ಕಾಟ ಬೇರೆ. ದೊಡ್ಡ ಹಡಗನ್ನು ಅಲ್ಲಿಗೆ ನುಗ್ಗಿಸಲು ನೌಕಾಪಡೆಯ ಅಧಿಕಾರಿಗಳು ಹಿಂದೇಟು ಹಾಕಿದ್ದು ಹೇಡಿತನ ಅಂತ ನನಗೇನೂ ಅನಿಸುವುದಿಲ್ಲ.

ಸಣ್ಣ ದೋಣಿಯ ಯೋಚನೆ ತಂದವರು ಫಾನೆಸ್ಟಾಕ್ ಅಣ್ಣತಮ್ಮಂದಿರು, ಶೆರಿಡನ್ ಮತ್ತು ಬ್ರೂಸ್. ಹಾಯಿ ಹಡಗಿನಲ್ಲಿ ಪೆಸಿಫಿಕ್ ದ್ವೀಪಗಳನ್ನು ಸುತ್ತುತ್ತಾ ಅಲ್ಲಿನ ಜನರ ಹಾಡು ರೆಕಾರ್ಡ್ ಮಾಡುತ್ತಿದ್ದ ಅಮೆರಿಕನ್ನರು ಇವರು. 1940ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಗ್ಲ್ಯಾಡ್‌ಸ್ಟನ್ ಬಳಿ ಇವರ ಹಡಗೇ ತಳ ಬಡಿದು ಮುಳುಗಿತ್ತು. ಬಂಡೆ ನೀರಿನ ಬಿಸಿ ಗೊತ್ತಿದ್ದವರು!

ಈಗ ದೋಣಿ ಬೇಕು, ನಡೆಸುವವರೂ ಬೇಕು. ಸೇನೆ ಆಸ್ಟ್ರೇಲಿಯಾದ ಬಂದರುಗಳಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡಿತು: ಮೀನಿನ ಟ್ರಾಲರ್, ಫೆರಿ, ಲಗ್ಗರ್ ಅನ್ನುವ ಹಾಯಿದೋಣಿ. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ನೋಡಿದವರಿಗೆ ಅಂದಾಜು ಸಿಗುತ್ತದೆ. ಗಟ್ಟಿಮುಟ್ಟಾದ ಗಂಡಸರು ಆಗಲೇ ಸೇನೆ ಸೇರಿಯಾಗಿತ್ತು. ಉಳಿದವರು ಯಾರು? 15 ವರ್ಷದ ಹುಡುಗರು, 70 ದಾಟಿದ ಮುದುಕರು, ಕೈಯೋ ಕಾಲೋ ಇಲ್ಲದೆ ಸೇನೆಯಿಂದ ಬೇಡ ಅನ್ನಿಸಿಕೊಂಡ ನಾವಿಕರು. ಅಮೆರಿಕನ್ನರು ಇವರನ್ನೇ ಕರಾರಿನ ಮೇಲೆ ತೆಗೆದುಕೊಂಡರು. ಹೀಗೆ ಸೇರಿದ ಆಸ್ಟ್ರೇಲಿಯನ್ನರು ಸುಮಾರು 3,000.

ಕೆಲಸ ಹೇಗಿತ್ತು? ಕತ್ತಲಾದ ಮೇಲೆ ದೋಣಿ ದಡದಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತಿತ್ತು. ಜೆಟ್ಟಿಗಿಟ್ಟಿ ಏನೂ ಇಲ್ಲ. ಸೈನಿಕರು ಬಟ್ಟೆ ಕಳಚಿ ಅಲೆಗೆ ಇಳಿಯುತ್ತಿದ್ದರು. ಊರಿನವರು ಪಾತಿ ದೋಣಿ, ತೆಪ್ಪ ತರುತ್ತಿದ್ದರು. ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟಿ ಮರಳಿಗೆ ಬೀಳುತ್ತಿದ್ದವು. ಬೆಳಕು ಹರಿಯುವ ಮುಂಚೆ ದೋಣಿ ಜಾಗ ಖಾಲಿ ಮಾಡಬೇಕು, ಇಲ್ಲಾಂದ್ರೆ ವಿಮಾನದ ಕಣ್ಣಿಗೆ ಬಿದ್ದಂತೆಯೇ.

ಬಿದ್ದಿದ್ದೂ ಉಂಟು. 1942ರ ಅಕ್ಟೋಬರ್ 18ರಂದು ಕಿಂಗ್ ಜಾನ್, ಟಿಮೊಶೆಂಕೊ ಎಂಬ ಎರಡು ದೋಣಿಗಳು ಬೂನಾದ ದಕ್ಷಿಣಕ್ಕಿರುವ ಪೊಂಗಾನಿ ದಡಕ್ಕೆ ಸೈನಿಕರನ್ನು ತಂದಿದ್ದವು. ಅಮೆರಿಕದ್ದೇ ಬಿ-25 ವಿಮಾನ ಜಪಾನಿ ದೋಣಿಗಳೆಂದುಕೊಂಡು ಬಾಂಬ್ ಹಾಕಿತು. ಬ್ರೂಸ್ ಫಾನೆಸ್ಟಾಕ್ ಮತ್ತು ನ್ಯೂಯಾರ್ಕ್ ಟೈಮ್ಸ್ ವರದಿಗಾರ ಬೈರನ್ ಡಾರ್ನ್‌ಟನ್ ಸತ್ತರು.

ನವೆಂಬರ್ 16ರದು ಇನ್ನೂ ದೊಡ್ಡ ಪೆಟ್ಟು. ಬೂನಾ ದಾಳಿಗೆ ಮೂರೇ ದಿನ ಬಾಕಿ. ಅಲಾಕ್ರಿಟಿ, ಬಾನ್ವಿನ್, ಮಿನ್ನೆಮುರಾ ಎಂಬ ಮೂರು ಲಗ್ಗರ್‌ಗಳು, ಜೊತೆಗೆ ಜಪಾನಿಯರಿಂದ ಕಿತ್ತುಕೊಂಡ ಒಂದು ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ), ಸಂಜೆ ಹೊತ್ತಿಗೆ ಸಡೆಸ್ಟ್ ಭೂಶಿರ ದಾಟುತ್ತಿದ್ದವು. ಕಾವಲಿಗಿದ್ದ ವಿಮಾನಗಳು ಕತ್ತಲಾಗುವ ಮುಂಚೆ ಬೆಟ್ಟ ದಾಟಿ ಗೂಡು ಸೇರಲು ಹೊರಟುಹೋಗಿದ್ದವು. ಅಷ್ಟರಲ್ಲಿ ಜಪಾನಿ ಜೀರೋ ವಿಮಾನಗಳು ಎರಗಿದವು. ನಾಲ್ಕೂ ಹೊತ್ತಿ ಉರಿದವು. ಬೂನಾ ಮೇಲೆ ದಾಳಿಗೆ ಹೊರಟಿದ್ದ ಸಾವಿರಾರು ಸೈನಿಕರ ದಳ, ಅಂದರೆ ಅಮೆರಿಕದ ಇಡೀ 32ನೇ ಡಿವಿಜನ್ನಿನ ಮುಖ್ಯಸ್ಥ ಜನರಲ್ ಹಾರ್ಡಿಂಗ್ ನೀರಿಗೆ ಹಾರಿ, ಈಜಿ ದಡ ಸೇರಿದರು. ಬಾರ್ಜಿನಲ್ಲಿದ್ದ ಎರಡು ಫಿರಂಗಿಗಳೂ ಹೋದವು. ಮರುದಿನ ಇನ್ನೆರಡು ದೋಣಿಗಳಿಗೆ ಏಟು ಬಿತ್ತು. ಬೂನಾ ದಾಳಿ ಶುರುವಾದಾಗ ಸೈನಿಕರ ಹತ್ತಿರ ಸರಿಯಾಗಿ ಊಟವೂ ಇಲ್ಲ, ಗುಂಡೂ ಇಲ್ಲ. ದಾಳಿ ಮುಗ್ಗರಿಸಿತು. ಡಿಸೆಂಬರ್ ಮೊದಲ ವಾರದಲ್ಲಿ ಹಾರ್ಡಿಂಗ್ ಅವರನ್ನು ಆ ಹುದ್ದೆಯಿಂದ ತೆಗೆದರು. ನಾಲ್ಕು ದೋಣಿ ಮುಳುಗಿದ್ದಕ್ಕೆ ಒಂದು ಡಿವಿಜನ್ ತತ್ತರಿಸುತ್ತದೆ ಅಂದಮೇಲೆ, ನಿಮ್ಮ ಪ್ರಶ್ನೆಗೆ ಬೇರೆ ಉತ್ತರ ಬೇಕಾ?

ಇದರ ನಡುವೆ ಸಾಮಾನು ತರಲು ಬೇರೆ ದಾರಿಗಳೂ ತೆರೆದವು. ಬೂನಾ ಹತ್ತಿರದ ಡೊಬೊಡುರದಲ್ಲಿ ವಿಮಾನ ಇಳಿಯುವ ಪಟ್ಟಿ ಸಿದ್ಧವಾಯಿತು. ಆಸ್ಟ್ರೇಲಿಯಾದ ಸರ್ವೆ ದೋಣಿ ಪಲೂಮಾ ನೆಲ್ಸನ್ ಭೂಶಿರದ ಸುತ್ತ ಆಳದ ದಾರಿ ಹುಡುಕಿತು. ಆ ದಾರಿಯಲ್ಲಿ ಡಿಸೆಂಬರ್ 11ರ ರಾತ್ರಿ ಕಾರ್ಸಿಕ್ ಎಂಬ ಡಚ್ ಹಡಗು ಓರೊ ಕೊಲ್ಲಿಗೆ ಟ್ಯಾಂಕುಗಳನ್ನೇ ತಂದಿಳಿಸಿತು. 1943ರ ಜನವರಿ 2ರಂದು ಬೂನಾ ಕೈವಶವಾಯಿತು.

ಸಣ್ಣ ದೋಣಿಗಳಿಗೆ ಅಲ್ಲಿಗೂ ಬಿಡುವು ಸಿಗಲಿಲ್ಲ. ಯುದ್ಧ ಫಿಲಿಪೀನ್ಸ್ ಕಡೆ ಸರಿದಂತೆ ಅವೂ ಹಿಂದೆಯೇ ಹೋದವು. ದೋಣಿ ನಡೆಸಿದವರ ಪಾಡು ಮಾತ್ರ ವಿಚಿತ್ರ. ಅಮೆರಿಕದ ಸಂಬಳ, ಆಸ್ಟ್ರೇಲಿಯಾದ ಪೌರತ್ವ, ಲೆಕ್ಕಕ್ಕೆ ಎರಡೂ ಕಡೆ ಸೈನಿಕರಲ್ಲ. ದಶಕಗಟ್ಟಲೆ ಅವರಿಗೆ ಸರಿಯಾದ ಮನ್ನಣೆ ಸಿಗಲಿಲ್ಲ.

ಅಂದ ಹಾಗೆ, ಅಮೆರಿಕದ ಭೂಸೇನೆ ಇವತ್ತಿಗೂ ದೋಣಿಗಳನ್ನು ಬಿಟ್ಟಿಲ್ಲ. 2024ರಲ್ಲಿ ಗಾಜಾ ದಡಕ್ಕೆ ತೇಲುವ ಜೆಟ್ಟಿ ಹಾಕುವ ಕೆಲಸಕ್ಕೆ ಹೋದದ್ದೂ ಅದರ 7ನೇ ಸಾರಿಗೆ ಬ್ರಿಗೇಡ್. ಕೆಲವೇ ದಿನಗಳಲ್ಲಿ ಅಲೆಯ ಹೊಡೆತಕ್ಕೆ ಆ ಜೆಟ್ಟಿ ಮುರಿದು, ಮತ್ತೆ ಜೋಡಿಸಬೇಕಾಯಿತು.