ಎರಡು ಡೆಸಿಬೆಲ್‌ನ ಮೋಸ

ಯಾರಿಗಾದರೂ ಒಂದೇ ಹಾಡನ್ನು ಎರಡು ಸಲ ಕೇಳಿಸಿ. ಎರಡನೆಯ ಸಲ ದನಿಯ ಮಟ್ಟವನ್ನು ಎರಡೇ ಎರಡು ಡೆಸಿಬೆಲ್ ಏರಿಸಿ, ಏರಿಸಿದ್ದನ್ನು ಮಾತ್ರ ಹೇಳಬೇಡಿ. ‘ಸೌಂಡ್ ಜಾಸ್ತಿಯಾಯಿತು’ ಎನ್ನುವವರು ಸಿಗುವುದು ಅಪರೂಪ. ಎರಡನೆಯದರಲ್ಲಿ ಬೇಸ್ ತುಂಬಿಕೊಂಡಿದೆ, ಗಾಯಕಿಯ ದನಿ ಹತ್ತಿರ ಬಂದಿದೆ, ಗಿಟಾರ್ ಬಿಡಿಸಿಟ್ಟ ಹಾಗೆ ಕೇಳುತ್ತಿದೆ ಎನ್ನುತ್ತಾರೆ. ಹಾಡು ಅದೇ, ಫೈಲೂ ಅದೇ. ಕಾಲೇಜು, ಗೆಳೆತನ, ಪಾರ್ಟಿ, ಮೊದಲ ಪ್ರೀತಿ ಎಂದು ಹೊರಡುವ ಹಿಂದಿ ಚಿತ್ರಗಳ ಹಾಡುಗಳ ಬಗ್ಗೆ ನಾವು ಆಡುವ ‘ಪಂಚ್ ಇದೆ’, ‘ಕ್ವಾಲಿಟಿ ಸೂಪರ್’ ಎಂಬ ಮಾತುಗಳಲ್ಲಿ ಬಹುಪಾಲು ಈ ಎರಡು ಡೆಸಿಬೆಲ್‌ನಿಂದ ಹುಟ್ಟಿದವು. ‘ರೀಮಾಸ್ಟರ್ಡ್’, ‘ಬೇಸ್ ಬೂಸ್ಟೆಡ್’ ಎಂಬ ಚೀಟಿ ಅಂಟಿಸಿಕೊಂಡು ಬರುವ ಹಳೆಯ ಹಾಡುಗಳ ಗುಟ್ಟೂ ಹೆಚ್ಚಿನ ಸಲ ಇಷ್ಟೇ.

ಕಾರಣ ನಮ್ಮ ಕಿವಿಯಲ್ಲೇ ಇದೆ. ಬೆಲ್ ಲ್ಯಾಬ್ಸ್‌ನ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಮೆಲ್ಲಗೆ ಕೇಳುವಾಗ ಕಿವಿ ಕೆಳಸ್ವರಗಳಿಗೆ ಮಂದವಾಗುತ್ತದೆ. ಇಂದಿನ ಅಂತರರಾಷ್ಟ್ರೀಯ ಮಾನಕದ ಪ್ರಕಾರ, 1000 ಹರ್ಟ್ಸ್‌ನ ಸ್ವರ 40 ಡೆಸಿಬೆಲ್‌ನಲ್ಲಿದ್ದರೆ, 100 ಹರ್ಟ್ಸ್‌ನ ಸ್ವರ ಅದಕ್ಕೆ ಸಮನಾಗಿ ಕೇಳಬೇಕಾದರೆ ಸುಮಾರು 24 ಡೆಸಿಬೆಲ್ ಹೆಚ್ಚು ಬೇಕು. 1000 ಹರ್ಟ್ಸ್‌ನ ಸ್ವರ 80 ಡೆಸಿಬೆಲ್‌ನಲ್ಲಿದ್ದಾಗ ಈ ಹೆಚ್ಚುವರಿ ಸುಮಾರು 12ಕ್ಕೆ ಇಳಿಯುತ್ತದೆ. ವಾಲ್ಯೂಮ್ ಏರಿಸಿದಾಗ ಬೇಸ್ ತನ್ನ ಪಾಲಿಗಿಂತ ಹೆಚ್ಚೇ ಏರಿದಂತೆ ಕೇಳುವುದು ಇದರಿಂದ. ನಾವು ಅದನ್ನು ಗುಣಮಟ್ಟ ಎಂದುಕೊಳ್ಳುತ್ತೇವೆ.

ಹಾಡು ಮಾಡುವವರಿಗೆ ಇದು ಯಾವತ್ತೂ ಗೊತ್ತಿತ್ತು, ಆದರೆ ಮಾಧ್ಯಮ ಬಿಡುತ್ತಿರಲಿಲ್ಲ. 1973ರ ‘ಬಾಬಿ’ಯ ಕಾಲದ ಎಲ್‌ಪಿ ತಟ್ಟೆಯಲ್ಲಿ ಜೋರಾದ ಬೇಸ್ ಎಂದರೆ ಅಗಲವಾಗಿ ಓಲಾಡುವ ಗೆರೆ. ಗೆರೆ ಅಗಲವಾದರೆ ಒಂದು ಬದಿಯಲ್ಲಿ ಹಿಡಿಯುವ ಹಾಡು ಕಡಿಮೆ, ಸೂಜಿ ಎಗರುವ ಅಪಾಯ ಬೇರೆ. ಆದ್ದರಿಂದ ತಟ್ಟೆ ಕೊರೆಯುವಾಗ ಬೇಸನ್ನು ಇಳಿಸಿ, ಕೇಳುವಾಗ ಆಂಪ್ಲಿಫೈಯರ್ ಅದನ್ನು ಮತ್ತೆ ಎತ್ತುವ ಏರ್ಪಾಡು ಇತ್ತು. ತಟ್ಟೆಯ ಒಳಸುತ್ತಿಗೆ ಬಂದಂತೆ ಸೂಜಿಯ ಕೆಳಗೆ ಗೆರೆ ಸರಿಯುವ ವೇಗ ಇಳಿದು ಮೇಲ್ಸ್ವರಗಳು ಮಂಕಾಗುತ್ತಿದ್ದುದರಿಂದ, ಬದಿಯ ಕೊನೆಗೆ ಮೆಲುದನಿಯ ಹಾಡನ್ನು ಇಡುವುದೇ ಜಾಣತನ. 1989ರ ‘ಮೈನೆ ಪ್ಯಾರ್ ಕಿಯಾ’ದ ಹೊತ್ತಿಗೆ ರಾಜ್ಯಭಾರ ಕ್ಯಾಸೆಟ್ಟಿನದು. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ, 4 ಮಿಲಿಮೀಟರ್ ಅಗಲವೂ ಇಲ್ಲದ ಆ ಟೇಪಿನಲ್ಲಿ ‘ಹಿಸ್’ ಸದ್ದು ತಪ್ಪಿದ್ದಲ್ಲ. ಅದನ್ನು ಮುಚ್ಚಲು ಮಟ್ಟ ಏರಿಸಿದರೆ ಕಾಂತಕಣಗಳು ತುಂಬಿಹೋಗಿ ಮೊದಲು ಮೇಲ್ಸ್ವರಗಳು ಕುಸಿಯುತ್ತಿದ್ದವು. ಆ ಕುಸಿತ ನಿಧಾನದ್ದು, ಕಿವಿಗೆ ಹಿತವೂ ಹೌದು. ಹಳೆಯ ಕ್ಯಾಸೆಟ್ಟಿನ ‘ಬೆಚ್ಚಗಿನ’ ದನಿಯಲ್ಲಿ ಒಂದು ಪಾಲು ಇದೇ.

ಸಿಡಿಯ ಲೆಕ್ಕವೇ ಬೇರೆ. 16 ಬಿಟ್, ಎಂದರೆ 65,536 ಮೆಟ್ಟಿಲು, ಸುಮಾರು 96 ಡೆಸಿಬೆಲ್ ಹರವು. ಆದರೆ ಮೇಲಿನ ಮೆಟ್ಟಿಲಿನ ಆಚೆ ಏನೂ ಇಲ್ಲ. ಅಲೆಯ ತಲೆ ಅಲ್ಲಿಗೆ ತಾಗಿದರೆ ಕತ್ತರಿಸಿ ಹೋಗುತ್ತದೆ. ಹಾಗಾದರೆ ಪಕ್ಕದ ಆಲ್ಬಮ್‌ಗಿಂತ ಜೋರಾಗುವುದು ಹೇಗೆ? ತಾರಸಿ ಎತ್ತರಿಸಲಾಗದ ಮನೆಯಲ್ಲಿ ನೆಲವನ್ನೇ ಎತ್ತರಿಸುತ್ತ ಹೋದ ಹಾಗೆ, ಮೆಲ್ಲಗಿನ ಭಾಗಗಳನ್ನೆಲ್ಲ ಮೇಲಕ್ಕೆ ತಳ್ಳಬೇಕು, ಎತ್ತರದವರೆಲ್ಲ ತಲೆ ಬಗ್ಗಿಸಬೇಕು. 1994ರಲ್ಲಿ ಬಂದ ವೇವ್ಸ್ ಕಂಪನಿಯ ಎಲ್1 ಲಿಮಿಟರ್‌ನಂಥ ಸಾಧನಗಳು, ಮುಂದೆ ಬರುವ ಪೆಟ್ಟನ್ನು ಮೊದಲೇ ನೋಡಿ ತಗ್ಗಿಸುವ ಉಪಾಯದಿಂದ ಇದನ್ನು ಸಲೀಸು ಮಾಡಿದವು. 2001ರಲ್ಲಿ ‘ದಿಲ್ ಚಾಹತಾ ಹೈ’ ಬರುವ ಹೊತ್ತಿಗೆ ಜಗತ್ತಿನ ಪಾಪ್ ಸಂಗೀತವೆಲ್ಲ ಈ ಓಟಕ್ಕೆ ಬಿದ್ದಾಗಿತ್ತು.

ಈ ತಗ್ಗಿಸುವಿಕೆ ನಡೆಯುವ ಬಗೆಯನ್ನು ಒಂದು ಬೀಟಿನೊಳಗೆ ಇಳಿದು ನೋಡಬೇಕು. ಕುಣಿತದ ಹಾಡೊಂದು ನಿಮಿಷಕ್ಕೆ 120 ಬೀಟಿನಲ್ಲಿದೆ ಎನ್ನಿ. ಕಿಕ್ ಡ್ರಮ್ಮಿನ ಎರಡು ಪೆಟ್ಟುಗಳ ನಡುವೆ 500 ಮಿಲಿಸೆಕೆಂಡ್. ದನಿ, ವಾದ್ಯಗಳೆಲ್ಲ ಕೂಡಿದ ಇಡೀ ಮಿಕ್ಸಿನ ಮೇಲೆ 4:1 ಅನುಪಾತದ ಕಂಪ್ರೆಸರ್, ಎಂದರೆ ಗೊತ್ತುಮಾಡಿದ ಗಡಿ ದಾಟಿದ ಮಟ್ಟವನ್ನು ತಗ್ಗಿಸುವ ಸಾಧನ, ಕೂತಿದೆ. ಕಿಕ್ ಗಡಿಯನ್ನು 8 ಡೆಸಿಬೆಲ್ ದಾಟಿದರೆ ಹೊರಗೆ ಬರುವುದು 2 ಮಾತ್ರ. ಉಳಿದ 6 ಡೆಸಿಬೆಲ್ ಕಡಿತ. ತಗ್ಗುವುದು ಕಿಕ್ ಒಂದೇ ಅಲ್ಲ, ಆ ಕ್ಷಣದಲ್ಲಿ ಗಾಯಕನ ದನಿ, ಗಿಟಾರ್, ಸ್ಟ್ರಿಂಗ್ಸ್ ಎಲ್ಲವೂ 6 ಡೆಸಿಬೆಲ್ ತಗ್ಗುತ್ತವೆ. ಈಗ ರಿಲೀಸ್ ಸಮಯದ, ಎಂದರೆ ತಗ್ಗಿದ ಮಟ್ಟ ಮತ್ತೆ ಮೇಲೇಳಲು ಹಿಡಿಯುವ ಸಮಯದ ಮಾತು. ಅದು 100 ಮಿಲಿಸೆಕೆಂಡ್ ಇದ್ದರೆ, ಮುಂದಿನ ಪೆಟ್ಟಿಗೆ ಬಹಳ ಮುಂಚೆಯೇ ಮಟ್ಟ ಮೇಲೇಳುತ್ತದೆ, ಹಾಡು ಉಸಿರಾಡಿದಂತೆ ಕೇಳುತ್ತದೆ. ಡ್ಯಾನ್ಸ್ ಹಾಡಿನಲ್ಲಿ ಇದನ್ನು ಬೇಕೆಂದೇ ಮಾಡುತ್ತಾರೆ, ಚೆನ್ನಾಗಿಯೂ ಇರುತ್ತದೆ. 600 ಇಟ್ಟರೆ, ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಪೆಟ್ಟು ಬಿದ್ದು ದನಿ ಮೇಲೇಳುವುದೇ ಇಲ್ಲ. ಗಡಿ ದಾಟಿದ ಮೇಲೆ ತಗ್ಗಿಸಲು ಹಿಡಿಯುವ ಅಟ್ಯಾಕ್ ಸಮಯವೂ ಅಷ್ಟೇ ನಾಜೂಕು. ಢೋಲಕ್ಕಿನ ಸಣ್ಣ ಬದಿಯ ಪೆಟ್ಟಿನ ಚುರುಕೆಲ್ಲ ಮೊದಲ ಕೆಲವು ಮಿಲಿಸೆಕೆಂಡ್‌ಗಳಲ್ಲಿದೆ. ಅಟ್ಯಾಕ್ 20–30 ಇದ್ದರೆ ಆ ಚುರುಕು ಪಾರಾಗುತ್ತದೆ; 1 ಇದ್ದರೆ ಕೈಯ ಏಟು ಹೋಗಿ ಬರೀ ‘ಧಪ್’ ಉಳಿಯುತ್ತದೆ. ಗಿಟಾರ್ ಮತ್ತು ದನಿಯಷ್ಟೇ ಇರುವ ಪಲ್ಲವಿಯಿಂದ ಪೂರ್ತಿ ಬ್ಯಾಂಡ್ ನುಗ್ಗುವ ಕಡೆಗೆ ಬಂದಾಗ ಮೈ ಜುಮ್ಮೆನ್ನಬೇಕಾದ ಜಿಗಿತ ಏನೂ ಅನ್ನಿಸದೆ ಸಪ್ಪೆಯಾಗುವುದೂ ಅತಿಯಾದ ಈ ಕೆಲಸದಿಂದಲೇ.

ಇಷ್ಟೆಲ್ಲ ಹಿಂಡಿದ ಹಾಡನ್ನು 24 ಬಿಟ್‌ನಲ್ಲಿ ಕೇಳಿದರೆ ಸ್ವರ್ಗ ಎಂದು ನಂಬಿದವರಿದ್ದಾರೆ. ಪೆಟ್ಟಿಗೂ ಸರಾಸರಿ ಮಟ್ಟಕ್ಕೂ ಎಂಟು ಹತ್ತು ಡೆಸಿಬೆಲ್ ಅಂತರವಷ್ಟೇ ಉಳಿದಿರುವ ಹಾಡಿಗೆ ಸಿಡಿಯ 96 ಡೆಸಿಬೆಲ್ ಧಾರಾಳವಾಗಿ ಸಾಕು. ಹಾಡಿಗೆ ಕೊನೆಯ ರೂಪ ಕೊಡುವ ಮಾಸ್ಟರಿಂಗ್ ಕೋಣೆಯಲ್ಲಿ ಕಳೆದುಹೋದದ್ದನ್ನು ಬಿಟ್ ಏರಿಸಿ ಮರಳಿ ತರಲಾಗುವುದಿಲ್ಲ.

ಹಳೆಯ ಸಿಡಿ ಮತ್ತು ಹೊಸ ರೀಮಾಸ್ಟರ್‌ನಲ್ಲಿ ಯಾವುದು ಮೇಲು ಎಂದು ತಿಳಿಯಲು ನ್ಯಾಯವಾದ ದಾರಿ ಒಂದೇ, ಮಟ್ಟ ಸರಿದೂಗಿಸಿ ಕೇಳುವುದು. ಕಿವಿಯ ಸ್ವಭಾವವನ್ನು ಲೆಕ್ಕಕ್ಕೆ ಹಿಡಿದು ಇಡೀ ಹಾಡಿನ ಜೋರನ್ನು ಅಳೆಯುವ ಮಾನ ‘ಲಫ್ಸ್’ (LUFS); ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಹಾಡು ಜೋರು. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೂ ಇದರಿಂದ ಮಟ್ಟ ಹೊಂದಿಸಬಹುದು. ಒಂದು −8, ಇನ್ನೊಂದು −14 ಇದ್ದರೆ ಜೋರಾದುದನ್ನು 6 ಡೆಸಿಬೆಲ್ ಇಳಿಸಿ. ಮೆಲ್ಲಗಿನದನ್ನು ಏರಿಸಲು ಹೋದರೆ ಅದರ ಪೆಟ್ಟುಗಳು ಮೇಲಿನ ಮಿತಿಗೆ ತಾಗಿ ಕತ್ತರಿಸುತ್ತವೆ, ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಹೊಂದಾಣಿಕೆಯನ್ನು ಫೈಲಿನಲ್ಲೇ ಮಾಡಿ. ಫೋನಿನ ವಾಲ್ಯೂಮ್ ಬಟನ್ನಿನ ಒಂದೊಂದು ಹೆಜ್ಜೆಯೂ ಎರಡು ಮೂರು ಡೆಸಿಬೆಲ್ ಇರಬಹುದಾದ್ದರಿಂದ ಅದನ್ನು ನಂಬಬೇಡಿ. ಈಕ್ವಲೈಸರ್, ಸರೌಂಡ್, ಹಾಡುಗಳ ಜೋರನ್ನು ತಾನಾಗಿ ಸಮ ಮಾಡುವ ಆ್ಯಪ್‌ನ ನಾರ್ಮಲೈಸೇಶನ್ ಎಲ್ಲ ಆಫ್ ಇರಲಿ. ಕಿವಿಯೊಳಗಿನ ಇಯರ್‌ಫೋನಿನ ರಬ್ಬರ್ ತುದಿ ಸರಿಯಾಗಿ ಕೂರದಿದ್ದರೆ ಬೇಸ್ ಸೋರಿಹೋಗುತ್ತದೆ, ಆಗ ಯಾವ ತೀರ್ಪೂ ನಿಲ್ಲುವುದಿಲ್ಲ. ಒಂದೇ ಭಾಗವನ್ನು 20 ಸೆಕೆಂಡ್‌ನಂತೆ ಅದಲುಬದಲಾಗಿ ಕೇಳಿ, ಬದಲಿಸುವ ಕೆಲಸ ಬೇರೊಬ್ಬರು ಮಾಡಲಿ. ಕಿವಿಗೊಡಬೇಕಾದದ್ದು ಪೆಟ್ಟಿನ ತುದಿಗೆ, ಪದಗಳ ನಡುವಿನ ಉಸಿರಿಗೆ, ಬ್ಯಾಂಡ್ ನುಗ್ಗುವ ಕ್ಷಣಕ್ಕೆ.

ಸ್ಟ್ರೀಮಿಂಗ್ ಬಂದ ಮೇಲೆ ಈ ಓಟಕ್ಕೆ ಅರ್ಥವೇ ಉಳಿದಿಲ್ಲ, ಇದು ನಿಜಕ್ಕೂ ಒಳ್ಳೆಯ ಸುದ್ದಿ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸಾಮಾನ್ಯವಾಗಿ −14 ಲಫ್ಸ್‌ಗೆ ತರುತ್ತದೆ. ಯೂಟ್ಯೂಬ್ ಜೋರಾದವನ್ನು ಅದೇ ಮಟ್ಟಕ್ಕೆ ಇಳಿಸುತ್ತದೆ, ಮೆಲ್ಲಗಿನವನ್ನು ಏರಿಸುವುದಿಲ್ಲ. −8ಕ್ಕೆ ಹಿಂಡಿದ ಹಾಡು 6 ಡೆಸಿಬೆಲ್ ಇಳಿದು, ಪೆಟ್ಟುಗಳನ್ನು ಉಳಿಸಿಕೊಂಡು −14ರಲ್ಲಿ ಬಂದ ಹಾಡಿನ ಪಕ್ಕ ಚಪ್ಪಟೆಯಾಗಿ ಕೇಳುತ್ತದೆ. ಸಿನಿಮಾ ಆಲ್ಬಮ್‌ಗೆ ಇಲ್ಲಿ ಒಂದು ತೊಡಕಿದೆ. ಕುಣಿತದ ಹಾಡೂ ಅದರದೇ ‘ಅನ್‌ಪ್ಲಗ್ಡ್’ ರೂಪವೂ ಒಂದೇ ಆಲ್ಬಮ್‌ನಲ್ಲಿರುತ್ತವೆ. ಶಫಲ್‌ನಲ್ಲಿ ಕೇಳಿದರೆ ಎರಡೂ ಒಂದೇ ಮಟ್ಟಕ್ಕೆ ಬಂದು, ಪಿಸುಗುಟ್ಟಬೇಕಾದದ್ದು ಕಿವಿಯ ಪಕ್ಕ ಕೂಗುತ್ತದೆ. ಆಲ್ಬಮ್ ತೆರೆದು ಕ್ರಮವಾಗಿ ಕೇಳಿದರೆ ಸ್ಪಾಟಿಫೈ ಹಾಡುಗಳ ನಡುವಿನ ಅಂತರವನ್ನು ಮುಟ್ಟುವುದಿಲ್ಲ.

ಪರೀಕ್ಷೆಗೆಂದು ಆಫ್ ಮಾಡಿದ ನಾರ್ಮಲೈಸೇಶನ್ ಅನ್ನು ಮತ್ತೆ ಆನ್ ಮಾಡುವುದು ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ. 89ಕ್ಕೆ ಉಳಿಯುವುದು 5 ಗಂಟೆ. ವಾಲ್ಯೂಮ್ ಇದ್ದಲ್ಲೇ ಇದ್ದರೂ −8 ಲಫ್ಸ್‌ನ ಹಾಡು −14ರ ಹಾಡಿಗಿಂತ ನಾಲ್ಕು ಪಟ್ಟು ಶಕ್ತಿಯನ್ನು ಕಿವಿಗೆ ಸುರಿಯುತ್ತದೆ, ಅದರ ಒಂದು ಗಂಟೆ ಇದರ ನಾಲ್ಕು ಗಂಟೆಗೆ ಸಮ.