‘ವಿಯೆನ್ನಾ ಸರ್ಕಲ್ ಹೇಳಿತು’ ಎಂದು ಬರೆಯುವ ಮುನ್ನ

ಎಂ.ಎ. ವಿದ್ಯಾರ್ಥಿಗಳ ತತ್ವಶಾಸ್ತ್ರ ಪ್ರಬಂಧ ತಿದ್ದುವಾಗ ‘ವಿಯೆನ್ನಾ ಸರ್ಕಲ್ ಹೀಗೆ ಹೇಳಿತು’ ಎಂಬ ವಾಕ್ಯ ಬಂದರೆ ಸಿಟ್ಟು ಬರುತ್ತದೆ. ಯಾರಪ್ಪಾ ಹೇಳಿದ್ದು? ಶ್ಲಿಕ್ಕೋ, ನ್ಯೂರಾಥೋ, ಕಾರ್ನಾಪೋ? ಇವರೆಲ್ಲ ಆ ಸರ್ಕಲ್‌ನವರು; 1920-30ರ ದಶಕಗಳಲ್ಲಿ ವಿಯೆನ್ನಾದಲ್ಲಿ ವಿಜ್ಞಾನ, ತರ್ಕಗಳ ಆಧಾರದ ಮೇಲೆ ತತ್ವಶಾಸ್ತ್ರ ಕಟ್ಟಲು ಹೊರಟ ಬಳಗ ಅದು.

ಅಲ್ಲಿ ಇದ್ದದ್ದು ಎರಡು ಬೇರೆ ಬೇರೆ ಗುಂಪು. ಒಂದು, ಬೋಲ್ಟ್ಸ್‌ಮನ್ ಬೀದಿಯ ಗಣಿತ ವಿಭಾಗದಲ್ಲಿ ಗುರುವಾರ ಸಂಜೆ ಸೇರುತ್ತಿದ್ದ ಚರ್ಚಾಕೂಟ. ಶ್ಲಿಕ್ ಕರೆದವರಿಗಷ್ಟೇ ಪ್ರವೇಶ. ಇನ್ನೊಂದು, 1928ರಲ್ಲಿ ಶುರುವಾದ, ಭೌತವಿಜ್ಞಾನಿ-ತತ್ವಜ್ಞಾನಿ ಮಾಖ್ ಹೆಸರಿನ ಅರ್ನ್ಸ್ಟ್ ಮಾಖ್ ಸಂಘ. ಇದಕ್ಕೂ ಶ್ಲಿಕ್ಕೇ ಅಧ್ಯಕ್ಷರು, ಆದರೆ ಉಪನ್ಯಾಸಗಳು ಎಲ್ಲರಿಗೂ ತೆರೆದಿದ್ದವು. ಕೂಟದಲ್ಲಿ ಎಷ್ಟು ಬೇಕಾದರೂ ಜಗಳ ಆಡಬಹುದಿತ್ತು. ಸಂಘಕ್ಕೆ ಊರೆದುರು ಒಂದೇ ದನಿ ಬೇಕಿತ್ತು.

ಆ ದನಿ ಕೊಟ್ಟದ್ದು ಬಳಗದ ನಿಲುವು ಸಾರುವ 1929ರ ಕಿರುಹೊತ್ತಿಗೆ. ಮುನ್ನುಡಿಗೆ ಸಹಿ ಹಾಕಿದವರು ಗಣಿತಜ್ಞ ಹಾನ್, ನ್ಯೂರಾಥ್, ಕಾರ್ನಾಪ್. ಶ್ಲಿಕ್ ಆಗ ಅಮೆರಿಕದಲ್ಲಿದ್ದರು. ಬಾನ್ ವಿಶ್ವವಿದ್ಯಾಲಯದ ಕರೆ ಬಿಟ್ಟು ವಿಯೆನ್ನಾದಲ್ಲೇ ಉಳಿದರಲ್ಲ, ಆ ಸಂತೋಷಕ್ಕೆ ಅವರಿಗೇ ಅರ್ಪಣೆ. ಅದರ ಪ್ರಚಾರದ ಧಾಟಿ ಮಾತ್ರ ಅವರಿಗೆ ಪೂರ್ತಿ ಒಗ್ಗಲಿಲ್ಲ. ಕೊನೆಯಲ್ಲಿ 14 ಸದಸ್ಯರ ಪಟ್ಟಿ. ಅದನ್ನು ನೋಡಿದ ಗಣಿತಜ್ಞ ಮೆಂಗರ್, ನನ್ನನ್ನು ಸದಸ್ಯ ಅನ್ನಬೇಡಿ, ಹತ್ತಿರದವನು ಅಂತಷ್ಟೇ ಹಾಕಿ ಎಂದರು. ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಗುರುವಾರದ ಕೂಟಕ್ಕೆ ಬಂದವರೇ ಅಲ್ಲ. ಆದರೂ ಐನ್‌ಸ್ಟೈನ್, ರಸೆಲ್ ಜೊತೆ ಆ ಕಿರುಹೊತ್ತಿಗೆಯಲ್ಲಿ ವೈಜ್ಞಾನಿಕ ಲೋಕದೃಷ್ಟಿಯ ‘ಪ್ರಮುಖ ಪ್ರತಿನಿಧಿ’ ಆಗಿಬಿಟ್ಟರು.

ಪಟ್ಟಿಯಲ್ಲಿ ತರ್ಕಶಾಸ್ತ್ರಜ್ಞ ಗ್ಯೋಡೆಲ್ ಕೂಡ ಇದ್ದಾರೆ. ಗಣಿತದ ವಸ್ತುಗಳು ನಮ್ಮ ಭಾಷೆಯ ಆಚೆಗೂ ನಿಜವಾಗಿ ಇವೆ ಎಂದು ನಂಬಿದವರು ಅವರು. ಕೂಟದ ಒಲವು ಇದಕ್ಕೆ ತೀರಾ ಉಲ್ಟಾ. ‘ಹಾಗಾದ್ರೆ ಅವರು ಸುಳ್ಳು ಸದಸ್ಯರಾ ಮೇಡಂ?’ ಎಂದು ಒಬ್ಬ ಹುಡುಗಿ ಕೇಳಿದ್ದಳು. ಎಂಥ ಒಳ್ಳೇ ಪ್ರಶ್ನೆ! ಇಲ್ಲಮ್ಮಾ, ಅವರು ಬರುತ್ತಿದ್ದರು, ಮಾತು ಕಡಿಮೆ, ಕೂತು ಕೇಳುತ್ತಿದ್ದರು. ಸದಸ್ಯರಾಗಲು ಕೂಟದ ಅಭಿಪ್ರಾಯ ಒಪ್ಪಲೇಬೇಕು ಅಂತ ಏನೂ ಇರಲಿಲ್ಲ.

ಹಾಗಂತ ಸಂಘದ ಕೆಲಸ ಸಣ್ಣದಲ್ಲ. ಆ ಕಿರುಹೊತ್ತಿಗೆ, ಅದೇ ವರ್ಷದ ಪ್ರಾಗ್ ಸಮ್ಮೇಳನ, ಬರ್ಲಿನ್ ಗೆಳೆಯರ ಜೊತೆ 1930ರಲ್ಲಿ ಶುರುಮಾಡಿದ ಪತ್ರಿಕೆ, ಇವು ಇಲ್ಲದಿದ್ದರೆ ಗುರುವಾರದ ಮಾತು ಆ ಕೋಣೆ ದಾಟುತ್ತಿತ್ತೇ? ನನಗೆ ಅನುಮಾನ.

ಇನ್ನೊಂದು ತಪ್ಪು: ‘1934ರಲ್ಲಿ ಸರ್ಕಲ್ ನಿಷೇಧವಾಯಿತು.’ ಆ ವರ್ಷ ಆಸ್ಟ್ರಿಯಾದಲ್ಲಿ ಫೆಬ್ರವರಿಯಲ್ಲಿ ನಡೆದ ಅಂತರ್ಯುದ್ಧದ ಬಳಿಕ ಚಾನ್ಸಲರ್ ಡಾಲ್‌ಫಸ್ ಸರ್ಕಾರ ಮುಚ್ಚಿಸಿದ್ದು ಸಂಘವನ್ನು. ಶ್ಲಿಕ್ ಪತ್ರ ಬರೆದು ಪ್ರತಿಭಟಿಸಿದರು, ಉಪಯೋಗವಾಗಲಿಲ್ಲ. ಕೂಟ ಮಾತ್ರ ನಡೆದೇ ಇತ್ತು. 1936ರ ಜೂನ್ 22ರಂದು ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಶ್ಲಿಕ್‌ರನ್ನು ಗುಂಡಿಕ್ಕಿ ಕೊಂದ. ಆ ನಡುವಿನ ಎರಡು ವರ್ಷವನ್ನು ದಯವಿಟ್ಟು ಪ್ರಬಂಧದಿಂದ ಅಳಿಸಬೇಡಿ.